ದಣಿದ ಮೈಗೆ ಅನ್ನ, ನೀರು, ನಿದ್ದೆ

(ದೂರದ ಸೈಕಲ್ ಸವಾರಿಯ ನಂತರದ ಊಟ ಮತ್ತು ಚೇತರಿಕೆ ಕುರಿತ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಸಾಹಿತ್ಯವನ್ನೋ ಇತಿಹಾಸವನ್ನೋ ಆರಿಸಿಕೊಳ್ಳುವುದು ರೂಢಿ. ನಾನು ಊಟವನ್ನು ಆರಿಸಿಕೊಂಡಿದ್ದೇನೆ. ಅದರಲ್ಲೂ ಇನ್ನೂರು, ಮುನ್ನೂರು, ಆರುನೂರು ಕಿಲೋಮೀಟರ್ ಸೈಕಲ್ ತುಳಿದು ಇಳಿದವರ ಊಟ, ನೀರು, ನಿದ್ದೆ ಇವತ್ತಿನ ವಿಷಯ. ಇದು ಕೆಲವೇ ಜನರ ಹವ್ಯಾಸದ ಮಾತು ಎಂದು ತೋರಬಹುದು. ಆದರೆ ಇಡೀ ದಿನ ಬಿಸಿಲಲ್ಲಿ ದುಡಿದ ಮೈ ಮರಳಿ ಹೇಗೆ ಎದ್ದು ನಿಲ್ಲುತ್ತದೆ ಎಂಬ ಪ್ರಶ್ನೆ ಕಬ್ಬು ಕಡಿಯುವವರದ್ದೂ ಹೌದು, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರದ್ದೂ ಹೌದು. ದೂರದ ಸವಾರರ ಮೇಲೆ ವಿಜ್ಞಾನಿಗಳು ಅರವತ್ತು ವರ್ಷಗಳಿಂದ ಪ್ರಯೋಗ ನಡೆಸಿ ಉತ್ತರ ಕಂಡುಕೊಂಡಿದ್ದಾರೆ. ಆ ಉತ್ತರದ ಬಹುಪಾಲು ನಮ್ಮ ಅಡುಗೆಮನೆಯಲ್ಲೇ ಇದೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಚೇತರಿಕೆಯೂ ಶ್ರಮದ ಒಂದು ಭಾಗ. ಸೈಕಲ್‌ನಿಂದ ಇಳಿದ ಕ್ಷಣಕ್ಕೆ ಸವಾರಿ ಮುಗಿಯುವುದಿಲ್ಲ. ಕಳೆದ ನೀರು, ಉಪ್ಪು, ಅನ್ನ, ನಿದ್ದೆ ಮೈಗೆ ಹಿಂದಿರುಗಿದಾಗಲೇ ಮುಗಿಯುತ್ತದೆ.

ದೂರದ ಲೆಕ್ಕ

ವಾರದ ಕೊನೆಯಲ್ಲಿ ಹೊತ್ತಾರೆಯೇ ಎದ್ದು ಹೊಲಕ್ಕೆ ಹೋಗುವವರು ಈ ಸವಾರರನ್ನು ನೋಡಿರುತ್ತೀರಿ. ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರಿಗೆ ಬರುತ್ತಾರೆ. ಇನ್ನು ಕೆಲವರು ಕನಕಪುರ, ಸಾತನೂರು, ಹಲಗೂರು ಮಾರ್ಗವಾಗಿ ಮಳವಳ್ಳಿಗೆ ಇಳಿಯುತ್ತಾರೆ. ಇವರಲ್ಲಿ ಹಲವರು ತುಳಿಯುವುದು ‘ಬ್ರೆವೆ’ ಎಂಬ ಸವಾರಿ. ಇದರ ನಿಯಮಗಳನ್ನು ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ರೂಪಿಸಿದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಈ ಅವಧಿಯೊಳಗೆ ಮುಗಿಸಿದರಾಯಿತು. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಒಂದೇ ಋತುವಿನಲ್ಲಿ ಈ ನಾಲ್ಕೂ ದೂರಗಳನ್ನು ಪೂರೈಸಿದವರನ್ನು ಸೂಪರ್ ರಾಂಡನಿಯರ್ ಎನ್ನುತ್ತಾರೆ. ಈ ಪರಂಪರೆಯ ದೊಡ್ಡ ಹಬ್ಬ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ಶುರುವಾದದ್ದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 1200 ಕಿ.ಮೀ.ಗೂ ಮಿಕ್ಕಿದ ದಾರಿ, ಗರಿಷ್ಠ 90 ಗಂಟೆ. 2019 ಮತ್ತು 2023ರಲ್ಲಿ ಭಾರತದಿಂದಲೂ ನೂರಾರು ಮಂದಿ ಹೋಗಿದ್ದರು.

ಬ್ರೆವೆಯ ಒಂದು ನಿಯಮ ನಮಗೆ ಮುಖ್ಯ. ಸಹಿ ಹಾಕಿಸಿಕೊಳ್ಳುವ ಒಂದು ಠಾಣೆಯಿಂದ ಇನ್ನೊಂದಕ್ಕೆ ಹೋಗುವಾಗ ಸವಾರರಿಗಾಗಿ ಯಾರೂ ಹಿಂದೆ ಕಾರಿನಲ್ಲಿ ಊಟ ಹೊತ್ತು ಬರುವಂತಿಲ್ಲ. ಜೇಬಿನಲ್ಲಿ ಇದ್ದದ್ದು, ಇಲ್ಲವೇ ದಾರಿಯ ಹೋಟೆಲಿನಲ್ಲಿ ಸಿಕ್ಕದ್ದು, ಅಷ್ಟೇ. ಆದ್ದರಿಂದ ದೂರದ ಸವಾರರ ಊಟ ಎಂದರೆ ಆ ರಸ್ತೆಯ ಊರುಗಳ ಊಟ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್‌ಗಳಿಗೆ ಪ್ರವೇಶವಿಲ್ಲ. ಕಾರುಗಳು ಮದ್ದೂರು, ಮಂಡ್ಯವನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತವೆ. ಸೈಕಲ್ ಮಾತ್ರ ಇಂದಿಗೂ ಊರೊಳಗೆ ಬರುತ್ತದೆ, ಹೋಟೆಲಿನ ಮುಂದೆ ನಿಲ್ಲುತ್ತದೆ, ನೀರು ಕೇಳುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 300 ಕಿ.ಮೀ. ಸಾಧಾರಣ ವೇಗದಲ್ಲಿ 200 ಕಿ.ಮೀ. ತುಳಿಯುವುದಕ್ಕೇ ಸುಮಾರು 4000 ಕಿಲೋಕ್ಯಾಲರಿ ಬೇಕು. ಮನೆಯಲ್ಲಿ ಕೂತವರು ಎರಡು ದಿನ ಉಣ್ಣುವಷ್ಟನ್ನು ಸವಾರ ಒಂದೇ ಹಗಲಿನಲ್ಲಿ, ದಿನದ ಮಾಮೂಲಿ ಖರ್ಚಿನ ಜೊತೆಗೆ, ಸುಟ್ಟಿರುತ್ತಾನೆ. ಎಷ್ಟೇ ತಿನ್ನುತ್ತಾ ತುಳಿದರೂ ಸವಾರಿ ಮುಗಿಯುವ ಹೊತ್ತಿಗೆ ಸಾಲ ಉಳಿದೇ ಉಳಿಯುತ್ತದೆ.

ಮೈಯೊಳಗಿನ ಕಣಜ

ಆ ಸಾಲ ಯಾವ ಖಾತೆಯಲ್ಲಿ ಉಳಿಯುತ್ತದೆ? ಕೊಬ್ಬಿನ ಖಾತೆಯಲ್ಲಂತೂ ಅಲ್ಲ. ತೆಳ್ಳಗಿರುವವರ ಮೈಯಲ್ಲೂ ದಿನಗಟ್ಟಲೆ ಸಾಗುವಷ್ಟು ಕೊಬ್ಬು ಇರುತ್ತದೆ. ಬರಿದಾಗುವುದು ಗ್ಲೈಕೋಜನ್. ನಾವು ತಿಂದ ಅನ್ನ, ಮುದ್ದೆ, ಬೆಲ್ಲದ ಸಕ್ಕರೆಯನ್ನು ದೇಹ ಕೂಡಿಡುವ ಕಣಜ ಅದು. ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಎರಡೂ ಸೇರಿ 2000 ಕಿಲೋಕ್ಯಾಲರಿ. ಖಂಡಗಳ ಕಣಜ ಖಾಲಿಯಾದರೆ ಕಾಲು ಸೋಲುತ್ತದೆ. ಯಕೃತ್ತಿನದು ಖಾಲಿಯಾದರೆ ತಲೆ ತಿರುಗುತ್ತದೆ, ಕಣ್ಣು ಮಂಜಾಗುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ.

ಈ ಕಣಜ ಹೇಗೆ ತುಂಬುತ್ತದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವರು ಸ್ವೀಡನ್ನಿನ ಜೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್. ಅವರು ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿದರು. ಒಂದೇ ಸ್ಥಿರ ಸೈಕಲ್ಲಿನ ಎರಡು ಬದಿಯಲ್ಲಿ ಇಬ್ಬರೂ ಕೂತು, ಒಬ್ಬೊಬ್ಬರೂ ಒಂದೊಂದೇ ಕಾಲಿನಿಂದ, ಸೋತು ನಿಲ್ಲುವವರೆಗೆ ತುಳಿದರು. ಇನ್ನೊಂದು ಕಾಲು ಸುಮ್ಮನಿತ್ತು. ಮುಂದಿನ ಮೂರು ದಿನ ಪಿಷ್ಟ ಹೆಚ್ಚಿರುವ ಊಟ ಮಾಡಿ, ಎರಡೂ ತೊಡೆಗಳಿಂದ ಸೂಜಿಯಲ್ಲಿ ಚೂರು ಮಾಂಸ ತೆಗೆದು ಅಳೆದರು. ದಣಿದ ಕಾಲಿನಲ್ಲಿ ಗ್ಲೈಕೋಜನ್ ಸುಮ್ಮನಿದ್ದ ಕಾಲಿನ ಸುಮಾರು ಎರಡರಷ್ಟು ತುಂಬಿತ್ತು. ಇದು 1966ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎರಡೂ ಕಾಲಿಗೆ ಹರಿದದ್ದು ಒಂದೇ ರಕ್ತ, ಸಿಕ್ಕಿದ್ದು ಒಂದೇ ಊಟ. ದಣಿದ ಕಾಲೇ ಹೆಚ್ಚು ಎಳೆದುಕೊಂಡಿತು. ದಣಿವು ಮಾಂಸಖಂಡದ ಬಾಗಿಲನ್ನು ತೆರೆದಿಡುತ್ತದೆ. ಆ ಬಾಗಿಲಿಗೆ ನಾವು ಏನು ತಂದುಕೊಡುತ್ತೇವೆ ಎಂಬುದರ ಮೇಲೆ ನಾಳೆಯ ಶಕ್ತಿ ನಿಂತಿದೆ. ಬರೀ ದಣಿದು ಊಟ ಬಿಟ್ಟರೆ ಮೈ ಗಟ್ಟಿಯಾಗುವುದಿಲ್ಲ, ಸವೆಯುತ್ತದೆ.

ಚೆನ್ನಾಗಿ ಉಂಡರೂ ಕಣಜ ಪೂರ್ತಿ ತುಂಬಲು ಸುಮಾರು 24 ಗಂಟೆ ಹಿಡಿಯುತ್ತದೆ. ಶ್ರಮ ಮುಗಿದ ಮೊದಲ ಕೆಲವು ಗಂಟೆಗಳಲ್ಲಿ ತುಂಬುವ ವೇಗ ಹೆಚ್ಚು. ಮರುದಿನವೂ ತುಳಿಯಬೇಕಾದವರು ಮೊದಲ ನಾಲ್ಕು ಗಂಟೆ, ಗಂಟೆಗೆ ತಮ್ಮ ತೂಕದ ಒಂದೊಂದು ಕಿಲೋಗೆ ಒಂದು ಗ್ರಾಂನಂತೆ ಪಿಷ್ಟ ಅಥವಾ ಸಕ್ಕರೆ ತೆಗೆದುಕೊಳ್ಳಬೇಕು. 60 ಕಿಲೋ ತೂಕದವರಿಗೆ ಗಂಟೆಗೆ 60 ಗ್ರಾಂ. ಮರುದಿನ ಮನೆಯಲ್ಲೇ ಇರುವವರು ಗಡಿಯಾರಕ್ಕೆ ಇಷ್ಟು ಹೆದರಬೇಕಿಲ್ಲ. ದಿನವಿಡೀ ಹೊಟ್ಟೆ ತುಂಬ ಉಂಡರೆ ಲೆಕ್ಕ ಸರಿಹೋಗುತ್ತದೆ.

ಮೊದಲು ನೀರು ಮತ್ತು ಉಪ್ಪು

ಸೈಕಲ್ ಇಳಿದ ತಕ್ಷಣ ಹೆಚ್ಚಿನವರಿಗೆ ಹಸಿವಾಗುವುದಿಲ್ಲ. ಅಷ್ಟು ಹೊತ್ತೂ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಓಡಿ, ಹೊಟ್ಟೆಗೆ ಕಡಿಮೆಯಾಗಿರುತ್ತದೆ. ತಟ್ಟೆಯ ಮುಂದೆ ಕೂತರೆ ವಾಕರಿಕೆ. ಬಹಳ ಜನ ಇಲ್ಲೇ ಎಡವುತ್ತಾರೆ: ಒಂದು ಟೀ ಕುಡಿದು, ಹಾಗೇ ಮಲಗಿ, ನಡುರಾತ್ರಿ ಕಾಲು ಹಿಡಿದುಕೊಂಡು ಎಚ್ಚರಾಗುತ್ತಾರೆ. ಮೊದಲ ಅರ್ಧ ಗಂಟೆ ಕುಡಿಯುವುದಕ್ಕೆ ಮೀಸಲಿಡಿ.

ಎಷ್ಟು ಕುಡಿಯಬೇಕು? ಹೊರಡುವ ಮುಂಚೆ, ಬಂದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಒಂದೂಕಾಲರಿಂದ ಒಂದೂವರೆ ಲೀಟರ್. ಬಹಳ ದೂರದ ಸವಾರಿಯಲ್ಲಿ ಇಳಿದ ತೂಕವೆಲ್ಲ ಬೆವರೇ ಅಲ್ಲ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ; ಅದು ಊಟದ ಜೊತೆ ಒಂದು ದಿನದಲ್ಲಿ ತಾನಾಗಿ ಮರಳುತ್ತದೆ. ಹಾಗಾಗಿ ಒಂದೇ ಸಮನೆ ನೀರು ಸುರಿದುಕೊಳ್ಳಬಾರದು. ಬೆವರಿನಲ್ಲಿ ಉಪ್ಪು ಹೋಗಿರುವಾಗ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ತೂಕ ಇಳಿಯುವ ಬದಲು ಏರಿ, ಬೆರಳು ಊದಿ, ತಲೆನೋವು, ವಾಂತಿ, ಮಾತಿನಲ್ಲಿ ಗೊಂದಲ ಕಂಡರೆ ನೀರು ಕುಡಿಸುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ನೀರಿನ ಜೊತೆ ಉಪ್ಪು, ಉಪ್ಪಿನ ಜೊತೆ ಸಕ್ಕರೆ: ಈ ಮೂರರ ನಂಟು ಇಪ್ಪತ್ತನೆಯ ಶತಮಾನದ ವೈದ್ಯಕೀಯದ ದೊಡ್ಡ ಅರಿವುಗಳಲ್ಲಿ ಒಂದು. ಸಣ್ಣ ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಸೋಡಿಯಂ ಒಟ್ಟಿಗೇ ಒಳಗೆ ದಾಟುತ್ತವೆ. ಅವುಗಳ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನೊಬಿಸ್ ಈ ಅರಿವನ್ನು ನೆಚ್ಚಿ ಉಪ್ಪು-ಗ್ಲೂಕೋಸಿನ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದೇ ಇಂದಿನ ಓಆರ್‌ಎಸ್. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮನೆಯಲ್ಲೇ ಮಾಡಿಕೊಳ್ಳಬಹುದು. ಅಳತೆ ಮಾತ್ರ ತಪ್ಪಬಾರದು.

ನಮ್ಮ ಊರುಗಳಲ್ಲಿ ರಾಮನವಮಿಯ ದಿನ ಚಪ್ಪರ ಹಾಕಿ ಹಂಚುವುದನ್ನು ನೆನೆಯಿರಿ. ಬೆಲ್ಲ, ನಿಂಬೆ, ಶುಂಠಿ ಅಥವಾ ಮೆಣಸು, ಏಲಕ್ಕಿ ಹಾಕಿದ ಪಾನಕ. ಉಪ್ಪು ಹಾಕಿದ ನೀರುಮಜ್ಜಿಗೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿಯ ಕೋಸಂಬರಿ. ಸಕ್ಕರೆ ಪಾನಕದಲ್ಲಿದೆ, ಉಪ್ಪು ಮಜ್ಜಿಗೆಯಲ್ಲಿದೆ, ಪ್ರೋಟೀನು ಬೇಳೆಯಲ್ಲಿದೆ, ನೀರು ಎಲ್ಲದರಲ್ಲೂ ಇದೆ. ಚೈತ್ರದ ಬಿಸಿಲಿನಲ್ಲಿ ನಡೆದು ಬಂದವರಿಗೆ ಕೊಡಬೇಕಾದದ್ದೇ ಇದು. ದೂರದ ಸವಾರರು ದುಬಾರಿ ಪುಡಿಗಳನ್ನು ಹುಡುಕುವ ಮೊದಲು ಇದನ್ನು ನೆಚ್ಚಿಕೊಳ್ಳಲಿ ಎಂಬುದು ನನ್ನ ಬಲವಾದ ಮಾತು.

ಎಳನೀರಿನ ಬಗ್ಗೆ ಒಂದು ಎಚ್ಚರ ಬೇಕು. ಮದ್ದೂರಿನ ಎಳನೀರು ಮಾರುಕಟ್ಟೆ ದೇಶದ ದೊಡ್ಡವುಗಳಲ್ಲಿ ಒಂದು. ಅಲ್ಲಿಂದ ಲಾರಿಗಳು ದೂರದ ಊರುಗಳಿಗೆ ಹೋಗುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಆದ್ದರಿಂದ ಎಳನೀರನ್ನು ಖುಷಿಯಿಂದ ಕುಡಿಯಿರಿ. ಅದರ ಜೊತೆ ಉಪ್ಪು ಹಾಕಿದ ಏನನ್ನಾದರೂ ತಿನ್ನಿರಿ. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿಮೂರು, ಹದಿನಾಲ್ಕು ಪಾಲು ಸಕ್ಕರೆ ಇರುತ್ತದೆ. ಯಕೃತ್ತಿನ ಕಣಜಕ್ಕೆ ಕಬ್ಬಿನ ಸಕ್ಕರೆ ಬಹಳ ಒಳ್ಳೆಯದು, ಏಕೆಂದರೆ ಅದರ ಅರ್ಧ ಭಾಗವಾದ ಫ್ರಕ್ಟೋಸ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಅಷ್ಟು ಗಟ್ಟಿ ಸಿಹಿಯನ್ನು ಗಟಗಟನೆ ಕುಡಿದರೆ ಹೊಟ್ಟೆ ಕೆಡುತ್ತದೆ. ಉಪ್ಪು, ನಿಂಬೆರಸ ಬೆರೆಸಿ ನಿಧಾನವಾಗಿ ಕುಡಿಯಬೇಕು. ರಕ್ತದೊತ್ತಡ ಇರುವವರು ಉಪ್ಪಿನ ಈ ಮಾತನ್ನು ತಮ್ಮ ವೈದ್ಯರ ಮಾತಿಗೆ ಒಳಪಡಿಸಿಯೇ ಪಾಲಿಸಲಿ.

ಅನ್ನ, ಮುದ್ದೆ, ಕಾಳು

ಅರ್ಧ ಗಂಟೆ ಕಳೆದು ಹೊಟ್ಟೆ ಸ್ವಲ್ಪ ತೆರೆದುಕೊಂಡಿದೆ. ಈಗ ಏನು ತಿನ್ನಬೇಕು? ಬೇಗ ಕರಗಿ ಬೇಗ ರಕ್ತ ಸೇರುವ ಪಿಷ್ಟ. ಅನ್ನ-ಸಾರು, ಮೊಸರನ್ನ, ಇಡ್ಲಿ, ಬಾಳೆಹಣ್ಣು, ಬೆಲ್ಲ. ಒಂದು ಹದವಾದ ತಟ್ಟೆ ಅನ್ನದಲ್ಲಿ 55 ಗ್ರಾಂ ಹತ್ತಿರ ಪಿಷ್ಟ ಸಿಗುತ್ತದೆ. ಮೇಲುಕೋಟೆಯ ಪುಳಿಯೋಗರೆಯಂಥದ್ದು ಸವಾರಿಯ ನಡುವೆಯೂ ನಂತರವೂ ಒದಗುತ್ತದೆ: ಅನ್ನದ ಪಿಷ್ಟ, ಉಪ್ಪು, ಕಡಲೆಕಾಯಿ ಬೀಜ ಒಂದೇ ಪೊಟ್ಟಣದಲ್ಲಿ, ಕೆಡದೆ ಉಳಿಯುವ ಹುಳಿಯೊಂದಿಗೆ.

ಆದರೆ ಈ ಹೊತ್ತಿಗೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ರಾಗಿ ಹುರಿಹಿಟ್ಟನ್ನು. ರಾಗಿಯನ್ನು ನೀರು ಚಿಮುಕಿಸಿ ಹದಮಾಡಿ ಅರಳು ಹುರಿದು ಬೀಸಿದ ಹಿಟ್ಟು ಅದು. ಅರಳುವಾಗಲೇ ಪಿಷ್ಟ ಬೆಂದಿರುತ್ತದೆ, ಮತ್ತೆ ಒಲೆ ಬೇಡ, ಜೀರ್ಣವೂ ಸಲೀಸು. 50 ಗ್ರಾಂ ಹುರಿಹಿಟ್ಟು, ಕಾಲು ಲೀಟರ್ ಹಾಲು, 20 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು: ಕಲಸಿದರೆ 60 ಗ್ರಾಂಗೂ ಸ್ವಲ್ಪ ಮೇಲೆ ಪಿಷ್ಟ-ಸಕ್ಕರೆ, 11–12 ಗ್ರಾಂ ಪ್ರೋಟೀನು. ಪ್ರಯೋಗಶಾಲೆ ಹೇಳುವ ಗಂಟೆಯ ಲೆಕ್ಕ ಒಂದು ದೊಡ್ಡ ಲೋಟದಲ್ಲಿ ಮುಗಿಯಿತು. ರಾಗಿ ನಮ್ಮ ಹೊಲದ್ದು, ಬೆಲ್ಲ ನಮ್ಮ ಆಲೆಮನೆಯದ್ದು, ಹಾಲು ಗೆಜ್ಜಲಗೆರೆಯ ಮನ್‌ಮುಲ್ ಹಾಲು ಒಕ್ಕೂಟಕ್ಕೆ ದಿನಾ ಹಾಲು ಹಾಕುವ ನಮ್ಮದೇ ಮನೆಗಳದ್ದು.

ಮುದ್ದೆಯ ಹೊತ್ತು ಬೇರೆ. ಮುದ್ದೆಯಲ್ಲಿ ನಾರು ಹೆಚ್ಚು, ನಿಧಾನವಾಗಿ ಕರಗುತ್ತದೆ, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಸೈಕಲ್ ಇಳಿದ ಕೂಡಲೇ ಅದು ಭಾರವಾಗಬಹುದು. ಎರಡು ಮೂರು ಗಂಟೆ ಕಳೆದ ಮೇಲಿನ ರಾತ್ರಿಯೂಟಕ್ಕೆ ಅದಕ್ಕಿಂತ ಒಳ್ಳೆಯದು ಕಾಣೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಸೈಕಲ್ ಸವಾರರಿಗೆ ಇದು ವಿಶೇಷವಾಗಿ ಬೇಕು. ನಡೆಯುವವರ, ಓಡುವವರ ಮೂಳೆಗೆ ನೆಲದ ಪೆಟ್ಟು ಬಿದ್ದು ಮೂಳೆ ಗಟ್ಟಿಯಾಗುತ್ತದೆ. ಸೈಕಲ್ ಮೇಲೆ ಕೂತವರ ಬೆನ್ನುಮೂಳೆಗೆ ಆ ಪೆಟ್ಟು ಇಲ್ಲ, ಬೆವರಿನಲ್ಲಿ ಕ್ಯಾಲ್ಸಿಯಂ ಬೇರೆ ಹೋಗುತ್ತದೆ. ವರ್ಷಗಟ್ಟಲೆ ದೂರ ತುಳಿದವರಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಿರುವುದನ್ನು ಅಧ್ಯಯನಗಳು ಕಂಡಿವೆ. ರಾಗಿಯನ್ನು ಮೊಳಕೆ ಕಟ್ಟಿಸಿ ಬಳಸಿದರೆ ಅದರ ಫೈಟಿಕ್ ಆಮ್ಲ ತಗ್ಗಿ, ಕ್ಯಾಲ್ಸಿಯಂ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ.

ರಾಗಿಯ ಮಾತು ಬಂದಾಗ ಮಂಡ್ಯದಲ್ಲಿ ನಿಂತು ‘ರಾಗಿ ಲಕ್ಷ್ಮಣಯ್ಯ’ನವರನ್ನು ನೆನೆಯದೆ ಮುಂದೆ ಹೋಗಲಾಗದು. ಇಲ್ಲಿನ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಅವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಬಹಳ ಸಣ್ಣದು. ಕೈಯಲ್ಲಿ ಸಂಕರ ಮಾಡುವುದು ಅಪಾರ ತಾಳ್ಮೆ ಬೇಡುವ ಕೆಲಸ. ಆ ತಾಳ್ಮೆಯ ಫಲ ನಮ್ಮ ತಟ್ಟೆಯಲ್ಲಿದೆ.

ಮುದ್ದೆ ಒಂಟಿಯಾಗಿ ಸಾಲದು. ರಾಗಿಯಲ್ಲಿ ಪ್ರೋಟೀನು ನೂರಕ್ಕೆ ಏಳರಷ್ಟು, ಅದರಲ್ಲೂ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳ. ಹುರುಳಿಕಾಳಿನಲ್ಲಿ ಪ್ರೋಟೀನು ನೂರಕ್ಕೆ ಇಪ್ಪತ್ತೆರಡರ ಹತ್ತಿರ. ಮುದ್ದೆಗೆ ಹುರುಳಿಯ ಬಸ್ಸಾರು ಎಂಬ ಜೋಡಿ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸುತ್ತದೆ. ಆದರೆ ಬಸ್ಸಾರಿನಲ್ಲಿ ಒಂದು ಸಂಗತಿ ಗಮನಿಸಿ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಉಪ್ಪು, ಖನಿಜ, ಕೆಲವು ಜೀವಸತ್ವಗಳು ಇಳಿಯುತ್ತವೆ; ಪ್ರೋಟೀನಿನ ಬಹುಪಾಲು ಬಸಿದು ಉಳಿದ ಕಾಳಿನಲ್ಲೇ ಇರುತ್ತದೆ. ಸಾರಿನಲ್ಲಿ ಮುದ್ದೆ ಮುಗಿಸಿ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿದರೆ ಮೈ ಕಟ್ಟುವ ಸಾಮಗ್ರಿಯನ್ನೇ ಬಿಟ್ಟಂತೆ. ಪಲ್ಯವನ್ನು ಇನ್ನೊಂದು ಸಲ ಹಾಕಿಸಿಕೊಂಡು ಉಣ್ಣಿರಿ.

ದಣಿದ ಮಾಂಸಖಂಡದ ದುರಸ್ತಿಗೆ ಪ್ರತಿ ಊಟದಲ್ಲೂ 20 ಗ್ರಾಂ ಹತ್ತಿರ ಪ್ರೋಟೀನು ಬೇಕು. ದಿನಕ್ಕೆ ತೂಕದ ಕಿಲೋ ಒಂದಕ್ಕೆ ಒಂದೂವರೆ ಗ್ರಾಂ ಇಟ್ಟುಕೊಳ್ಳಬಹುದು. ಮೂರು ಮೊಟ್ಟೆ 18 ಗ್ರಾಂ, ಅರ್ಧ ಲೀಟರ್ ಹಾಲು 16 ಗ್ರಾಂ. ನಾಟಿಕೋಳಿ ಸಾರು ಉಣ್ಣುವವರಿಗೆ ಚಿಂತೆಯಿಲ್ಲ. ಮಾಂಸದ ತುಂಡುಗಳನ್ನು ತಿನ್ನಿ, ಖಾರ ಮಾತ್ರ ಆ ಒಂದು ರಾತ್ರಿ ಕಡಿಮೆ ಇರಲಿ. ಮಲಗುವ ಮುಂಚೆ ಒಂದು ದೊಡ್ಡ ಲೋಟ ಹಾಲು ರಾತ್ರಿಯಿಡೀ ನಡೆಯುವ ದುರಸ್ತಿಗೆ ನೆರವಾಗುತ್ತದೆ.

ಮದ್ದೂರಿಗೆ ಬಂದು ವಡೆ ತಿನ್ನದೆ ಹೋಗುವವರುಂಟೇ ಎಂದು ನೀವು ಕೇಳಬಹುದು. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರ ಕೈಯಲ್ಲಿ ಹುಟ್ಟಿದ್ದೆಂದು ಹೇಳುವ ಈ ವಡೆ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಯದ್ದು. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದದ್ದು. ಪಯಣಿಗರ ತಿಂಡಿಯಾಗಿಯೇ ಹುಟ್ಟಿದ ಅದಕ್ಕೆ ಸವಾರರ ತಟ್ಟೆಯಲ್ಲಿ ಜಾಗವಿದೆ. ಎಣ್ಣೆ ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಅಷ್ಟೇ. ಒಂದು ವಡೆ ತಿಂದು ಅದನ್ನೇ ಊಟ ಎಂದುಕೊಳ್ಳಬೇಡಿ; ಜೊತೆಗೆ ಅನ್ನ, ಮೊಸರು ಇರಲಿ.

ಬೇಡವೆಂದು ಖಡಾಖಂಡಿತವಾಗಿ ಹೇಳುವುದು ಮದ್ಯವನ್ನು. ಸವಾರಿ ಮುಗಿದ ಸಂತೋಷಕ್ಕೆ ಬಾಟಲಿ ತೆರೆಯುವ ಅಭ್ಯಾಸ ಹಬ್ಬುತ್ತಿದೆ. ಹೆಚ್ಚು ಮದ್ಯ ಸೇರಿದರೆ, ಜೊತೆಗೆ ಪ್ರೋಟೀನು ತಿಂದರೂ, ಮಾಂಸಖಂಡದ ಕಟ್ಟುವ ಕೆಲಸ ಸುಮಾರು ಕಾಲು ಭಾಗ ತಗ್ಗಿದ್ದನ್ನು ಅಳೆದು ನೋಡಿದ್ದಾರೆ. ನಿದ್ದೆಯ ಆಳವೂ ಹೋಗುತ್ತದೆ, ನೀರೂ ಹೋಗುತ್ತದೆ. ದಣಿದ ಮೈಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ತುಳಿದಷ್ಟಕ್ಕೆ ತಕ್ಕಂತೆ ತಿನ್ನದಿದ್ದರೆ ದೇಹ ಮುಟ್ಟಿನ ಕ್ರಮವನ್ನೇ ನಿಲ್ಲಿಸಿ ಶಕ್ತಿ ಉಳಿಸುತ್ತದೆ, ಮೂಳೆ ಸವೆಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಯನ್ನು ಗುರುತಿಸಿ ಎಚ್ಚರಿಸಿತು. ಗಂಡಸರಿಗೂ ಇದರ ಪೆಟ್ಟು ತಪ್ಪಿದ್ದಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಇನ್ನೂರು ಕಿಲೋಮೀಟರ್ ತುಳಿದು ಬಂದ ಮಗಳು ಮೊದಲು ಉಣ್ಣಲಿ. ಸೊಪ್ಪು, ಹುರುಳಿಯ ಕಬ್ಬಿಣ ಮೈಗೆ ಹತ್ತಲು ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಲಿ. ಟೀ ಒಂದು ಗಂಟೆ ತಡವಾಗಲಿ.

ನಿದ್ದೆ ಮತ್ತು ಎಚ್ಚರ

ನಲವತ್ತು ಗಂಟೆಯ 600 ಕಿ.ಮೀ. ಸವಾರಿಯಲ್ಲಿ ಹಲವರು ಮಲಗುವುದು ಎರಡು ಮೂರು ಗಂಟೆ ಮಾತ್ರ. ಗಾಢ ನಿದ್ದೆಯಲ್ಲೇ ಬೆಳವಣಿಗೆಯ ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ಎಷ್ಟೇ ಒಳ್ಳೆಯ ಊಟ ಉಂಡರೂ ಈ ನಿದ್ದೆ ಸಿಗದಿದ್ದರೆ ದುರಸ್ತಿ ಅರ್ಧಕ್ಕೇ ನಿಲ್ಲುತ್ತದೆ. ಸವಾರಿಯ ನಂತರ ಎರಡು ರಾತ್ರಿಯಾದರೂ ತುಂಬು ನಿದ್ದೆ ಮಾಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಸವಾರಿ ಮುಗಿದ ಮೇಲಿನ ಒಂದು ಗಂಟೆಯಲ್ಲಿದೆ. ರಾತ್ರಿಯಿಡೀ ತುಳಿದು, ಸೈಕಲ್ಲನ್ನು ಕಾರಿಗೆ ಕಟ್ಟಿ, ತಾವೇ ಕಾರು ಓಡಿಸಿಕೊಂಡು ಮನೆಗೆ ಹೊರಡುತ್ತಾರೆ. ತೂಕಡಿಕೆ ಹೇಳಿ ಕೇಳಿ ಬರುವುದಿಲ್ಲ. ದಯವಿಟ್ಟು ಹಾಗೆ ಹೊರಡಬೇಡಿ. ಒಂದು ಕೋಣೆ ಹಿಡಿದು ಮಲಗಿ, ಇಲ್ಲವೇ ಬಸ್ಸು, ರೈಲು ಹತ್ತಿ, ಇಲ್ಲವೇ ಮನೆಯವರನ್ನು ಕರೆಸಿಕೊಳ್ಳಿ.

ಕೆಲವು ನೋವುಗಳು ಸಹಜ. ಕಾಲು ಊದಿದ್ದರೆ ದಿಂಬಿನ ಮೇಲಿಟ್ಟು ಮಲಗಿ. ಹ್ಯಾಂಡಲ್ ಒತ್ತಿ ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿದ್ದರೆ ಕೆಲವು ದಿನಗಳಲ್ಲಿ ಹೋಗುತ್ತದೆ. ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನೀರಾರಿದ ಮೈಗೆ ನೋವಿನ ಮಾತ್ರೆ ನುಂಗಬೇಡಿ, ಐಬುಪ್ರೊಫೆನ್‌ನಂಥವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಒಡೆದು ರಕ್ತಕ್ಕೆ ಸೇರುತ್ತಿದೆ ಎಂಬ ಶಂಕೆ; ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ದೀರ್ಘ ಸವಾರಿಯ ರಾತ್ರಿ ನಿದ್ದೆಯಲ್ಲೇ ಸಕ್ಕರೆ ಇಳಿಯುವ ಭಯವಿದೆ. ಅಂದಿನ ಪ್ರಮಾಣವನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು.

200 ಕಿ.ಮೀ. ಆದ ಮೇಲೆ ಒಂದೆರಡು ದಿನ, 600 ಆದ ಮೇಲೆ ಒಂದು ವಾರವಾದರೂ ಜೋರಾಗಿ ತುಳಿಯಬೇಡಿ. ಸಂಜೆ ನಾಲೆ ಏರಿಯ ಮೇಲೆ ನಿಧಾನವಾಗಿ ನಡೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ. ಎಂದಿಗಿಂತ ಹೆಚ್ಚಿದ್ದರೆ ಮೈ ಇನ್ನೂ ಕೆಲಸದಲ್ಲಿದೆ ಎಂದರ್ಥ.

ದುಡಿಯುವ ಎಲ್ಲ ಮೈಗೂ

ಇಷ್ಟು ಹೊತ್ತು ಹೇಳಿದ್ದನ್ನು ಸೈಕಲ್ ಸವಾರರಿಗಷ್ಟೇ ಬಿಟ್ಟುಹೋದರೆ ಮಂಡ್ಯದಲ್ಲಿ ನಿಂತು ಮಾತನಾಡಿದ್ದಕ್ಕೆ ಅರ್ಥವಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿ, ಈ ನೆಲ ಕಬ್ಬಿನ ನಾಡಾಯಿತು. ಆ ಕಬ್ಬನ್ನು ಇವತ್ತೂ ಬಗ್ಗಿ ಬಗ್ಗಿ ಮಚ್ಚಿನಲ್ಲಿ ಕಡಿದು, ಸೋಗೆ ಸವರಿ, ಹೊರೆ ಕಟ್ಟಿ ಲಾರಿಗೆ ಏರಿಸುವವರು ಕೂಲಿಕಾರರು. ಅವರ ಶ್ರಮ ದೂರದ ಸವಾರಿಗೆ ಕಡಿಮೆಯದಲ್ಲ. ಸವಾರ ತಾನಾಗಿ ಆರಿಸಿಕೊಂಡು ವಾರಕ್ಕೊಮ್ಮೆ ದಣಿಯುತ್ತಾನೆ. ಅವರು ಹಂಗಾಮು ಮುಗಿಯುವವರೆಗೆ ದಿನವೂ ದಣಿಯುತ್ತಾರೆ.

ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಯುವಕರ ಮೂತ್ರಪಿಂಡಗಳು ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದೆಯೇ ಕೆಟ್ಟು ಸಾವಿರಾರು ಮಂದಿ ಸತ್ತಿದ್ದಾರೆ. ಉರಿಬಿಸಿಲಿನಲ್ಲಿ ನೀರು, ಬಿಡುವು ಇಲ್ಲದ ದುಡಿಮೆಯನ್ನು ಅದರ ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿದ್ದಾರೆ. ಅಲ್ಲಿನ ಕೆಲವು ಸಕ್ಕರೆ ಕಾರ್ಖಾನೆಗಳ ಗದ್ದೆಗಳಲ್ಲಿ ನೀರು, ನೆರಳು, ಬಿಡುವು ಈ ಮೂರನ್ನು ಕಟ್ಟುನಿಟ್ಟಾಗಿ ಕೊಟ್ಟಾಗ ಮೂತ್ರಪಿಂಡದ ಪೆಟ್ಟು ಕಡಿಮೆಯಾಯಿತು.

ನಮ್ಮ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಎಂದು ವಿಧಿಸಿತು. ಕಬ್ಬು ಅರೆಯುವವರಿಗೆ ಸಿಕ್ಕ ಆ ಅರ್ಧ ಗಂಟೆ ಕಬ್ಬು ಕಡಿಯುವವರಿಗೆ ಗದ್ದೆಯಲ್ಲಿ ಸಿಗುತ್ತಿಲ್ಲ. ಸಿಗಬೇಕು. ಕಾರ್ಖಾನೆಗಳು, ಕಬ್ಬು ಬೆಳೆಗಾರರು, ಪಂಚಾಯಿತಿಗಳು ಕೂಡಿ ಪ್ರತಿ ಕಟಾವಿನ ಗದ್ದೆಯ ಬಳಿ ಒಂದು ನೆರಳು, ಒಂದು ಡ್ರಮ್ಮು ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಪೊಟ್ಟಣ, ನಡುಹಗಲಲ್ಲಿ ಬಿಡುವು ಏರ್ಪಡಿಸಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ.

ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ದಾರಿಯ ಹಳ್ಳಿಗರು ತಮ್ಮ ಮನೆ ಮುಂದೆ ಮೇಜು ಹಾಕಿ, ಗುರುತು ಪರಿಚಯವಿಲ್ಲದ ಸವಾರರಿಗೆ ಹಗಲಿರುಳೂ ಕಾಫಿ, ತಿಂಡಿ, ನೀರು ಕೊಡುತ್ತಾರೆ. ನಮಗೆ ಅರವಟ್ಟಿಗೆಯ ಪರಂಪರೆ ಅದಕ್ಕೂ ಹಳೆಯದು. ಹಳೇ ರಸ್ತೆಯ ಹೋಟೆಲಿನವರು ಹೊತ್ತಾರೆ ನಾಲ್ಕಕ್ಕೆ ಒಂದು ನೀರಿನ ಕೊಡ, ಒಂದು ಬೆಂಚು, ಬಿಸಿ ಇಡ್ಲಿ ಇಟ್ಟರೆ ಸವಾರರ ವ್ಯಾಪಾರವೂ ಅವರದ್ದಾಗುತ್ತದೆ, ಪುಣ್ಯವೂ ಅವರದ್ದಾಗುತ್ತದೆ. ಮಳವಳ್ಳಿ ರಸ್ತೆಯಲ್ಲೂ ಹೀಗೆಯೇ ಆಗಲಿ. ಸವಾರರಲ್ಲಿ ನನ್ನ ಕೋರಿಕೆ ಇಷ್ಟು: ಇಲ್ಲಿ ನಿಂತು, ಇಲ್ಲಿನದ್ದನ್ನೇ ಉಂಡು, ಉಂಡದ್ದಕ್ಕೆ ಸರಿಯಾದ ಬೆಲೆ ಕೊಟ್ಟು ಹೋಗಿ. ಕಬ್ಬಿನ ಗದ್ದೆಯ ಪಕ್ಕ ಹೋಗುವಾಗ ನಿಮ್ಮ ಬಳಿ ಹೆಚ್ಚಿಗೆ ಇರುವ ಓಆರ್‌ಎಸ್ ಪೊಟ್ಟಣಗಳನ್ನು ಅಲ್ಲಿ ದುಡಿಯುತ್ತಿರುವವರ ಕೈಗಿಡಿ, ಕಲಸುವ ಅಳತೆಯನ್ನೂ ಹೇಳಿಕೊಡಿ.

ಶಾಲೆಗಳಲ್ಲಿ ಮಕ್ಕಳಿಗೆ ಓಡುವುದನ್ನು, ಗೆಲ್ಲುವುದನ್ನು ಕಲಿಸುತ್ತಿದ್ದೇವೆ. ಓಡಿದ ಮೇಲೆ ಏನು ಕುಡಿಯಬೇಕು, ಏನು ಉಣ್ಣಬೇಕು, ಎಷ್ಟು ಮಲಗಬೇಕು ಎಂಬುದನ್ನೂ ಅಷ್ಟೇ ಗಂಭೀರವಾಗಿ ಕಲಿಸೋಣ. ದುಡಿದವರಿಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಸಿಗುವ ಜಿಲ್ಲೆ ನಮ್ಮದಾಗಲಿ. ಅದನ್ನು ಆಗಮಾಡುವ ಹೊಣೆ ಈ ಸಭೆಯಲ್ಲಿರುವ ನಮ್ಮೆಲ್ಲರದ್ದು.